ತೊಡೆಸಂದಿಯ ಗಂಟನ್ನು ಒತ್ತಿ ನೋಡಬೇಡಿ

ಮೈತುಂಬ ಇಸಬು ಇರುವವರು ಆಸ್ಪತ್ರೆಗೆ ಬಂದರೆ ಮೊದಲು ತೋರಿಸುವುದು ತೊಡೆಸಂದಿಯ ಗಂಟನ್ನು. “ಮೈಯಾಗ ಇಮ್ಯುನಿಟಿ ಕಮ್ಮಿ ಆಗೇತ್ರಿ, ಪವರ್ ಬರೂ ಇಂಜೆಕ್ಷನ್ ಕೊಡ್ರಿ” ಎಂಬ ಮಾತು ಬಾಗಲಕೋಟೆ, ವಿಜಯಪುರದ ಕಡೆ ಮಾಮೂಲು. ಕೈಯಲ್ಲಿ ಟಾನಿಕ್ ಬಾಟಲಿ ಇರುತ್ತದೆ. ಚರ್ಮಕ್ಕೆ ಹಚ್ಚುವ ಮುಲಾಮು ಮುಗಿದು ತಿಂಗಳಾಗಿರುತ್ತದೆ.

ಇಸಬಿನಲ್ಲಿ ಗಂಟು ಏಳುವುದು ರೋಗನಿರೋಧಕ ವ್ಯವಸ್ಥೆ ಸುಮ್ಮನಿರದೆ ಅತಿಯಾಗಿ ಕೆರಳಿದ್ದರಿಂದ. ಕಾಂಗ್ರೆಸ್ ಹುಲ್ಲಿನ ಅಲರ್ಜಿಯನ್ನೇ ನೋಡಿ. ಅದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಚರ್ಮಕ್ಕೆ ತಾಗಿದಾಗ ಹೊರಪದರದಲ್ಲಿ ಕಾವಲಿರುವ ಲ್ಯಾಂಗರ್‌ಹಾನ್ಸ್ ಕೋಶಗಳು ಅದನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ (ರೋಗನಿರೋಧಕ ಕೋಶಗಳು ಸೇರುವ ಸಣ್ಣ ಗ್ರಂಥಿ, ಲಿಂಫ್ ನೋಡ್) ಒಯ್ಯುತ್ತವೆ. ಅಲ್ಲಿ ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು ಅದನ್ನು ಗುರುತಿಸಿ ಹೆಚ್ಚುತ್ತಾ ಹೋಗುತ್ತವೆ, ಗ್ರಂಥಿ ಉಬ್ಬುತ್ತದೆ. ಕೈಗೆ ಸಿಗುವ ಗಂಟು ಅದೇ. ಹಾನಿಗೊಂಡ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕಣಗಳೂ ಅಲ್ಲಿಗೇ ಸೇರುತ್ತವೆ. ಗಂಟಿನ ಪರೀಕ್ಷೆಯ ರಿಪೋರ್ಟಿನಲ್ಲಿ ‘ಡರ್ಮಟೋಪಥಿಕ್ ಲಿಂಫಡೆನೋಪಥಿ’ ಎಂದಿದ್ದರೆ ಇದೇ ಸಂಗತಿ. ಅದು ಕ್ಯಾನ್ಸರಿನ ಹೆಸರಲ್ಲ. ಕೆರಳಿದ್ದನ್ನು ತಣಿಸಬೇಕಾದಲ್ಲಿ ಟಾನಿಕ್ ಏನು ಮಾಡೀತು?

 

ಗಂಟು ಎದ್ದ ಜಾಗ ನೋಡಿ ಮೂಲ ಹುಡುಕಬೇಕು. ತೊಡೆಸಂದಿಯಲ್ಲಾದರೆ ಕಾಲು, ಬೆರಳಸಂದಿ, ಹಿಮ್ಮಡಿಯ ಬಿರುಕು, ಗುಪ್ತಾಂಗದ ಸುತ್ತಲಿನ ಗಜಕರ್ಣ. ಕಂಕುಳಲ್ಲಾದರೆ ಕೈ, ಎದೆ. ಮಗುವಿನ ಕುತ್ತಿಗೆಯ ಹಿಂದೆ ಗಂಟಾದರೆ ಮೊದಲು ತಲೆ ನೋಡಿ. ಹೇನು ಕೆರೆದ ಗಾಯವೇ ಕಾರಣವಾಗಿರುತ್ತದೆ ಬಹಳ ಸಲ.

ದಿನಕ್ಕೆ ಹತ್ತು ಸಲ ಒತ್ತಿದರೆ ನೋಯದ ಗಂಟೂ ನೋಯತೊಡಗುತ್ತದೆ. ನೋವಾಯಿತೆಂದು ಕಾಸುತ್ತಾರೆ, ಕಾಸಿದ ಕಡೆ ಚರ್ಮ ಸುಡುತ್ತದೆ, ಗ್ರಂಥಿಗೆ ಹೊಸ ಕೆಲಸ. ಚರ್ಮ ತಣ್ಣಗಾದ ಮೇಲೂ ಗಂಟು ಇಳಿಯಲು ವಾರಗಳು ಬೇಕು. ಬರಿಗಾಲಲ್ಲಿ ಹೊಲ ತಿರುಗುವವರಿಗೆ ಕಡಲೆಕಾಳಿನಷ್ಟು ಗಂಟು ಉಳಿದುಬಿಡಲೂಬಹುದು. ಇರಲಿ ಬಿಡಿ.

ಮುಲಾಮಿನ ಅಳತೆಯಲ್ಲೂ ಜಿಪುಣತನ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು 0.5 ಗ್ರಾಂ, ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಇಡೀ ಮೈಗೆ ಒಂದು ಸಲ ಹಚ್ಚಲು 15 ಗ್ರಾಂ ಟ್ಯೂಬ್ ಸಾಲದು, ಅದನ್ನು ತಿಂಗಳು ಎಳೆದರೆ ಗುಣ ಎಲ್ಲಿಂದ ಬರಬೇಕು? ಗಜಕರ್ಣವಾದರೆ ಲೆಕ್ಕವೇ ಬೇರೆ: ಸ್ಟೆರಾಯ್ಡ್ ಬೆರೆತ ಟ್ಯೂಬ್ ಮುಟ್ಟಬೇಡಿ. ತುರಿಕೆ ಎರಡು ದಿನ ನಿಂತಂತೆ ಕಂಡು, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ.

ಎಲ್ಲ ಗಂಟೂ ನಿರಪಾಯವೆಂದು ನಾನು ಹೇಳುತ್ತಿಲ್ಲ. 2 ಸೆಂ.ಮೀ. ದಾಟಿದ್ದು, ಕಲ್ಲಿನಂತೆ ಗಟ್ಟಿಯಾಗಿ ಅಲುಗದೆ ಇರುವುದು, ಕಾಲರ್ ಎಲುಬಿನ ಮೇಲೆ ಎದ್ದದ್ದು, ಚರ್ಮ ಗುಣವಾದರೂ 4ರಿಂದ 6 ವಾರ ಇಳಿಯದೆ ಬೆಳೆಯುತ್ತಿರುವುದು, ಜೊತೆಗೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇರುವುದು — ಇವಕ್ಕೆ ತಪಾಸಣೆ ಬೇಕೇಬೇಕು. ಕ್ಷಯ ಇರಬಹುದು, ಲಿಂಫೋಮಾ (ರೋಗನಿರೋಧಕ ಕೋಶಗಳ ಕ್ಯಾನ್ಸರ್) ಇರಬಹುದು. ವರ್ಷಗಟ್ಟಲೆ ಇಸಬೆಂದುಕೊಂಡದ್ದು ಅಪರೂಪಕ್ಕೆ ಚರ್ಮದ ಲಿಂಫೋಮಾ ಆಗಿರುವುದೂ ಉಂಟು. ಆಗ ಚರ್ಮದ ತುಣುಕನ್ನೂ ಪರೀಕ್ಷೆಗೆ ಕಳಿಸಬೇಕಾಗುತ್ತದೆ. ಪರೀಕ್ಷೆಗೆ ಮೊದಲೇ ‘ಪವರ್’ ಹೆಸರಿನಲ್ಲಿ ಸ್ಟೆರಾಯ್ಡ್ ಸೂಜಿ ಹಾಕಿಸಿಕೊಂಡರೆ ಗಂಟು ಕುಗ್ಗಿ, ರೋಗದ ಗುರುತೇ ಸಿಗದೆ ಹೋಗಬಹುದು.

ತೋರಿಸಲು ಬರುವಾಗ ಈವರೆಗೆ ಹಚ್ಚಿದ ಟ್ಯೂಬ್‌ಗಳನ್ನೆಲ್ಲ ತನ್ನಿ, ಖಾಲಿಯಾದವನ್ನೂ. “ಬಿಳೇದ ಮುಲಾಮ್ ರೀ” ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.