ಹೆಸರು ಸರಿ, ಚುಕ್ಕಿ ಎಲ್ಲಿದೆ?

ಬಸ್ಸು, ಮೆಟ್ರೋ, ರೈಲಿನ ದಾರಿ ಹುಡುಕಿಕೊಡುವ ಆ್ಯಪ್‌ಗಳ ಹಿಂದೆ ಕೂತು ಕೆಲಸ ಮಾಡುವವನು ನಾನು. 'ತಪ್ಪು ದಾರಿ ತೋರಿಸಿತು' ಅಂತ ದೂರು ಬಂದರೆ ಮೊದಲು ದಾರಿಯನ್ನು ನೋಡುವುದಿಲ್ಲ. 'ಎಲ್ಲಿಂದ', 'ಎಲ್ಲಿಗೆ' ಅನ್ನುವ ಎರಡು ಬಾಕ್ಸ್‌ಗಳಲ್ಲಿ ಏನು ತುಂಬಿದ್ದರು ಅಂತ ನೋಡುತ್ತೇನೆ. ಹೆಚ್ಚಿನ ಸಲ ಎಡವಟ್ಟು ಆಗಿರುವುದು ಅಲ್ಲೇ. ಟೈಮ್‌ಟೇಬಲ್ ಸರಿ ಇರುತ್ತದೆ, ಲೆಕ್ಕವೂ ಸರಿ ಇರುತ್ತದೆ. ಲೆಕ್ಕ ಹಾಕಿದ್ದು ಮಾತ್ರ ಬೇರೆ ಜಾಗಕ್ಕೆ.

ನೀವು ಬರೆಯುವುದು ಹೆಸರು. ಕಂಪ್ಯೂಟರಿಗೆ ಬೇಕಾದದ್ದು ಚುಕ್ಕಿ, ಅಂದರೆ ಒಂದು ಅಕ್ಷಾಂಶ, ಒಂದು ರೇಖಾಂಶ. ಹೆಸರನ್ನು ಚುಕ್ಕಿ ಮಾಡುವ ಕೆಲಸಕ್ಕೆ ಜಿಯೋಕೋಡಿಂಗ್ ಅನ್ನುತ್ತೇವೆ. ಯಾವ ಬಸ್ಸು, ಎಲ್ಲಿ ಬದಲಿಸಬೇಕು ಅನ್ನುವುದೆಲ್ಲ ಆಮೇಲಿನ ಮಾತು.

ನಾಲ್ಕೈದು ಅಕ್ಷರ ಟೈಪ್ ಮಾಡುತ್ತಿದ್ದಂತೆ ಕೆಳಗೆ ಒಂದು ಪಟ್ಟಿ ಇಳಿಯುತ್ತದಲ್ಲ, ಅದರಲ್ಲಿ ಪ್ರತಿ ಸಾಲಿಗೂ ಸಾಮಾನ್ಯವಾಗಿ ಚುಕ್ಕಿ ಆಗಲೇ ಅಂಟಿಕೊಂಡಿರುತ್ತದೆ. ಅದನ್ನು ಒತ್ತಿದರೆ ಊಹೆಯ ಪ್ರಶ್ನೆಯೇ ಇಲ್ಲ. ಪಟ್ಟಿ ನೋಡದೆ ಪೂರ್ತಿ ಬರೆದು ಎಂಟರ್ ಒತ್ತಿದರೆ, ಬರೀ ಅಕ್ಷರಗಳು ಹೋಗಿ ಕಂಪ್ಯೂಟರ್ ತನಗೆ ಹತ್ತಿರ ಅನ್ನಿಸಿದ್ದನ್ನು ಆರಿಸಿಕೊಳ್ಳುತ್ತದೆ. ಹಾಗಾಗಿ ಕಷ್ಟಪಟ್ಟು ಉದ್ದ ವಿಳಾಸ ಬರೆಯುವವರಿಗಿಂತ ಸ್ವಲ್ಪ ಬರೆದು ಕಾಯುವವರಿಗೇ ಸರಿಯಾದ ಉತ್ತರ ಸಿಗುವುದು ಜಾಸ್ತಿ. ಫ್ಲ್ಯಾಟ್ ನಂಬರು, ಮಹಡಿ, 'ಹತ್ತಿರ', 'ಎದುರು' ಇವೆಲ್ಲ ಅಂಚೆಯವರಿಗೆ ಬೇಕು, ಈ ಬಾಕ್ಸ್‌ಗೆ ಬೇಡ. ಊರಿನ ಹೆಸರು ಮಾತ್ರ ಬಿಡಬೇಡಿ. 'ಸ್ಟೇಷನ್ ರಸ್ತೆ' ಇಲ್ಲದ ಊರು ಅಪರೂಪ, ಅಲ್ವಾ? ಪಟ್ಟಿಯಲ್ಲಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಊರು, ಬಡಾವಣೆ ಬರೆದಿರುತ್ತಾರೆ. ಅದನ್ನು ಓದುವವರು ಕಮ್ಮಿ.

ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಸಂಬಂಧಿಕರೊಬ್ಬರನ್ನು ನೋಡಲು ದೊಡ್ಡ ಆಸ್ಪತ್ರೆಯೊಂದಕ್ಕೆ ಹೊರಟಿದ್ದೆ. ಹೆಸರು ಬರೆದೆ, ಪಟ್ಟಿಯಿಂದಲೇ ಆರಿಸಿದೆ. ಬಸ್ಸಿಳಿದು ಒಂದು ನಿಮಿಷ ನಡೆದರೆ ಸಾಕು ಅಂತಿತ್ತು. ಇಳಿದೆ. ಎದುರಿಗೆ ಎರಡಾಳೆತ್ತರದ ಕಾಂಪೌಂಡ್ ಗೋಡೆ. ಗೋಡೆಯಾಚೆ ಆಸ್ಪತ್ರೆಯ ಲಾಂಡ್ರಿಯ ಹೊಗೆ ಕಾಣುತ್ತಿತ್ತು, ಬಾಗಿಲು ಮಾತ್ರ ಇಲ್ಲ. ಗೋಡೆ ಹಿಡಿದು ಸುತ್ತಿಕೊಂಡು ಮುಂದಿನ ಗೇಟಿಗೆ ಹೋಗುವಷ್ಟರಲ್ಲಿ ಕಾಲು ಗಂಟೆ ಆಗಿತ್ತು.

ಕಾರಣ ಇಷ್ಟೆ. ಭೂಪಟದಲ್ಲಿ ಆಸ್ಪತ್ರೆ ಅಂದರೆ ಒಂದು ದೊಡ್ಡ ಆಕಾರ. ಅದಕ್ಕೆ ಒಂದೇ ಚುಕ್ಕಿ ಇಡಬೇಕಾದಾಗ ಸಾಫ್ಟ್‌ವೇರ್ ಸಾಮಾನ್ಯವಾಗಿ ನಟ್ಟನಡುವೆ ಇಡುತ್ತದೆ. ನಡುವಿನಿಂದ ಹತ್ತಿರದ ರಸ್ತೆ ಹುಡುಕಿದಾಗ ಸಿಕ್ಕಿದ್ದು ಹಿಂದಿನ ರಸ್ತೆ. ಅಲ್ಲಿ ಗೋಡೆ ಇದೆ, ಗೇಟು ಎಲ್ಲಿದೆ ಅಂತ ಯಾರೂ ಭೂಪಟಕ್ಕೆ ಹೇಳಿರಲಿಲ್ಲ. ಕಾಲೇಜು, ಪಾರ್ಕು, ವಿಮಾನ ನಿಲ್ದಾಣ, ಕ್ರೀಡಾಂಗಣ, ಹೀಗೆ ವಿಸ್ತಾರವಾದ ಯಾವ ಜಾಗಕ್ಕೂ ಇದೇ ಕತೆ. ಬರೀ ಬಡಾವಣೆಯ ಹೆಸರು ಅಥವಾ ಅಂಚೆ ಸಂಖ್ಯೆ ಕೊಟ್ಟರೂ ಅಷ್ಟೇ. ಇಂಥ ಕಡೆ ಗೇಟು, ಟರ್ಮಿನಲ್ ಅಥವಾ ವಿಭಾಗದ ಹೆಸರು ಹುಡುಕಿ. ಸಿಗದಿದ್ದರೆ ಭೂಪಟ ದೊಡ್ಡದು ಮಾಡಿ ಗೇಟಿನ ಮೇಲೆ ಬೆರಳು ಒತ್ತಿ ಹಿಡಿದು ಪಿನ್ ಊರಿ.

ಇನ್ನೊಂದು ಎಡವಟ್ಟು ದಾರಿ ಗೊತ್ತಿರುವವರೇ ಮಾಡುವುದು. ಹೋಗಬೇಕಾದದ್ದು ಗೆಳೆಯರ ಮನೆಗೆ. ಅಲ್ಲಿನ ಸ್ಟಾಪ್ ಗೊತ್ತಲ್ಲ ಅಂತ ಸ್ಟಾಪಿನ ಹೆಸರನ್ನೇ ಹಾಕುತ್ತಾರೆ. ಆಗ ಕಂಪ್ಯೂಟರ್ ಆ ಸ್ಟಾಪಿಗೆ ಕಟ್ಟುಬೀಳುತ್ತದೆ. ಮನೆಯ ಇನ್ನೊಂದು ಪಕ್ಕದಲ್ಲಿ 200 ಮೀಟರ್ ದೂರಕ್ಕೆ ನೇರ ಬಸ್ಸು ಬರುತ್ತಿದ್ದರೂ ತೋರಿಸದೆ ಹೋಗಬಹುದು. ಮನೆಯ ವಿಳಾಸ ಕೊಟ್ಟರೆ ಸುತ್ತಲಿನ ಎಲ್ಲ ಸ್ಟಾಪ್‌ಗಳನ್ನೂ ತೂಗಿ ನೋಡುತ್ತದೆ. ಸ್ಟಾಪ್ ಆರಿಸುವುದು ಅದರ ಕೆಲಸ, ಅದಕ್ಕೇ ಬಿಡಿ. ನೀವು ಈಗಾಗಲೇ ಸ್ಟಾಪಿನಲ್ಲೇ ನಿಂತಿದ್ದರೆ ಮಾತು ಬೇರೆ. ಆಗ ಕಂಬದ ಮೇಲೆ ನಂಬರ್ ಬರೆದಿದೆಯಾ ನೋಡಿ. ಆ್ಯಪ್ ಅದನ್ನು ತೆಗೆದುಕೊಳ್ಳುವಂತಿದ್ದರೆ ಹೆಸರಿಗಿಂತ ನಂಬರೇ ವಾಸಿ.

ಯಾಕೆಂದರೆ ಹೆಸರು ಒಂದೇ, ಸ್ಟಾಪ್ ಎರಡು. ಹೋಗುವ ಬಸ್ಸಿಗೆ ರಸ್ತೆಯ ಈ ಬದಿ, ಬರುವ ಬಸ್ಸಿಗೆ ಆ ಬದಿ. ಸಾರಿಗೆ ಸಂಸ್ಥೆಗಳು ತಮ್ಮ ಸ್ಟಾಪು, ವೇಳಾಪಟ್ಟಿಗಳನ್ನು ಹಂಚಿಕೊಳ್ಳುವುದು ಹೆಚ್ಚಾಗಿ ಜಿಟಿಎಫ್‌ಎಸ್ (ಜನರಲ್ ಟ್ರಾನ್ಸಿಟ್ ಫೀಡ್ ಸ್ಪೆಸಿಫಿಕೇಶನ್) ಅನ್ನುವ ರೂಪದಲ್ಲಿ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಟ್ರೈಮೆಟ್ ಸಂಸ್ಥೆ ಮತ್ತು ಗೂಗಲ್ ಸೇರಿ ಶುರು ಮಾಡಿದ್ದು ಇದು. ಹೆಸರಿನಲ್ಲಿರುವ 'ಜಿ' ಆಗ ಗೂಗಲ್‌ನದು, ಈಗ 'ಜನರಲ್' ಆಗಿದೆ. ಅದರಲ್ಲಿ ರಸ್ತೆಯ ಎರಡು ಬದಿಗೆ ಸಾಮಾನ್ಯವಾಗಿ ಎರಡು ಬೇರೆ ಸಾಲು, ಎರಡು ಬೇರೆ ಚುಕ್ಕಿ. ಪ್ಲಾಟ್‌ಫಾರ್ಮಿಗೆ 0, ಇಡೀ ಸ್ಟೇಷನ್ನಿಗೆ 1, ಒಳಹೊರಗೆ ಹೋಗುವ ಬಾಗಿಲಿಗೆ 2 ಅಂತ ಗುರುತು ಹಾಕಲೂ ಜಾಗ ಇದೆ. ಬಾಗಿಲುಗಳನ್ನು ಎಲ್ಲರೂ ತುಂಬಿರುವುದಿಲ್ಲ ಅನ್ನುವುದು ನಮ್ಮ ಗೋಳು. ಟೈಪ್ ಮಾಡುವಾಗ ಇಳಿಯುವ ಪಟ್ಟಿಯಲ್ಲಿ ಇಡೀ ಸ್ಟೇಷನ್ ಸಿಕ್ಕರೆ ಅದನ್ನೇ ಆರಿಸಿ. ಯಾವ ಪ್ಲಾಟ್‌ಫಾರ್ಮ್ ಅಂತ ಆ್ಯಪ್ ನೋಡಿಕೊಳ್ಳುತ್ತದೆ.

'ನಾನಿರುವ ಜಾಗ' ಅನ್ನುವ ಬಟನ್ ಒಳ್ಳೆಯದೇ, ಆದರೆ ಬಯಲಿನಲ್ಲಿ. ತೆರೆದ ಆಕಾಶದ ಕೆಳಗೆ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಹೇಳುತ್ತದೆ. ಎತ್ತರದ ಕಟ್ಟಡಗಳ ನಡುವೆ, ನೆಲಮಾಳಿಗೆಯಲ್ಲಿ ಆ ಲೆಕ್ಕ ಕೆಡುತ್ತದೆ. ನೀಲಿ ಚುಕ್ಕಿಯ ಸುತ್ತ ಇರುವ ಮಸುಕು ವೃತ್ತ ಸುಮ್ನೆ ಅಲಂಕಾರಕ್ಕಲ್ಲ, ಹೆಚ್ಚುಕಮ್ಮಿ ಆ ವೃತ್ತದೊಳಗೆ ಎಲ್ಲಾದರೂ ಇದ್ದೀರಿ ಅಂತ ಅರ್ಥ. ಅದು ರಸ್ತೆಯ ಎರಡೂ ಬದಿಯನ್ನು ಮುಚ್ಚಿಕೊಂಡಿದ್ದರೆ ಪಿನ್ ನೀವೇ ಇಡುವುದು ವಾಸಿ.

ಕೆಲವರು ಅಕ್ಷಾಂಶ ರೇಖಾಂಶವನ್ನೇ ಕಾಪಿ ಮಾಡಿ ಅಂಟಿಸುತ್ತಾರೆ. ಹುಡುಕುವ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಅಕ್ಷಾಂಶ ಮೊದಲು. ಆದರೆ ಭೂಪಟದ ಮಾಹಿತಿ ಬರೆದಿಡಲು ನಾವು ಒಳಗೆ ಬಳಸುವ ಜಿಯೋಜೇಸನ್ ಅನ್ನುವ ರೂಪದಲ್ಲಿ ರೇಖಾಂಶ ಮೊದಲು. ಅದಲುಬದಲಾದರೆ ಪಿನ್ ಹೋಗಿ ಸಮುದ್ರದಲ್ಲಿ ಬೀಳುತ್ತದೆ. ನಮ್ಮವರೇ ಎಷ್ಟೋ ಸಲ ಬೀಳಿಸಿದ್ದಾರೆ. ದಶಾಂಶದ ನಂತರ ಐದು ಅಂಕಿ ಇದ್ದರೆ ಸುಮಾರು ಒಂದು ಮೀಟರ್‌ವರೆಗೆ ನಿಖರ. ಅದಕ್ಕಿಂತ ಜಾಸ್ತಿ ಅಂಕಿಯಿಂದ ಬಸ್ಸು ಹಿಡಿಯುವವರಿಗೆ ಏನೂ ಉಪಯೋಗವಿಲ್ಲ.

ಎರಡು ಬಾಕ್ಸ್‌ಗಳ ನಡುವೆ ಮೇಲೆ ಕೆಳಗೆ ಬಾಣದ ಬಟನ್ ಇರುತ್ತದೆ, ವಾಪಸ್ ದಾರಿಗೆ. ಅದು ಚುಕ್ಕಿಗಳನ್ನು ಅದಲುಬದಲು ಮಾಡುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಅವತ್ತು ಆಸ್ಪತ್ರೆಯಿಂದ ಹೊರಡುವಾಗ ನಾನು ಅದನ್ನೇ ಒತ್ತಿದೆ. 'ಒಂದು ನಿಮಿಷ ನಡೆದು ಬಸ್ಸು ಹತ್ತಿ' ಅಂತು. ಎರಡು ಹೆಜ್ಜೆ ಇಟ್ಟ ಮೇಲೆ ಗೋಡೆ ನೆನಪಾಯಿತು.