ಮಹಿಳೆಯರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು ಮತ್ತು ಮೈಂಡ್‌ಫುಲ್‌ನೆಸ್ ಚಿಕಿತ್ಸೆ: ನಮ್ಮ ಓದಿನ ಗುಂಪಿಗೆ ಟಿಪ್ಪಣಿ

ಕೌನ್ಸೆಲಿಂಗ್ ಓದುವ ನಮ್ಮಲ್ಲಿ ಹೆಚ್ಚಿನವರು ಈ ಪಾಠವನ್ನು ಮುಜುಗರಪಟ್ಟು ಹಾರಿಸಿಬಿಡುತ್ತೇವೆ, ಪರೀಕ್ಷೆಗೆ ಬಂದರೆ ಆಮೇಲೆ ನೋಡಿಕೊಂಡರಾಯಿತು ಅಂತ. ಆದರೆ ಚಿಕ್ಕಮಗಳೂರಿನಂಥ ಊರಲ್ಲಿ ಕೆಲಸ ಮಾಡುವವರ ಮುಂದೆ ಈ ತೊಂದರೆ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಸೊಂಟ ನೋವು, ನಿದ್ದೆ ಬರಲ್ಲ, ಮನೆಯವರು ಸುಮ್ಮಸುಮ್ಮನೆ ರೇಗ್ತಾರೆ ಎಂದು ಶುರುವಾಗುತ್ತದೆ. ಮಾತೆಲ್ಲ ಮುಗಿದು, ಬ್ಯಾಗು ಹೆಗಲಿಗೇರಿಸಿ ಬಾಗಿಲ ಹತ್ತಿರ ಹೋದ ಮೇಲೆ ಒಂದು ಮಾತು ಹೊರಬೀಳುತ್ತದೆ: "ಮೇಡಂ, ನಂಗೆ ಅದ್ರಲ್ಲಿ ಮನಸ್ಸೇ ಇಲ್ಲ." ಆ ಮಾತು ಕೇಳಿದಾಗ ನಮಗೆ ಏನು ಗೊತ್ತಿರಬೇಕು, ಮೈಂಡ್‌ಫುಲ್‌ನೆಸ್ (ಈ ಕ್ಷಣದ ಅನುಭವವನ್ನು ತೀರ್ಪಿಲ್ಲದೆ ಗಮನಿಸುವ ಧ್ಯಾನದ ಅಭ್ಯಾಸ) ಅಲ್ಲಿ ಏನು ಮಾಡಬಲ್ಲದು ಎಂಬುದಷ್ಟೇ ಈ ಟಿಪ್ಪಣಿ.

ಮೊದಲು ಕೇಳಿಕೊಳ್ಳಬೇಕಾದದ್ದು, ಈ ದೂರು ಯಾರದು? ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರು ಬಳಸುವ, 2013ರಲ್ಲಿ ಬಂದ ಕೈಪಿಡಿ ಡಿಎಸ್‌ಎಮ್-5 ಇಲ್ಲಿ ಸ್ಪಷ್ಟವಾಗಿದೆ. ಅದಕ್ಕೂ ಹಿಂದೆ ಆಸಕ್ತಿಯ ಕೊರತೆ, ಉದ್ರೇಕದ ಕೊರತೆ ಎಂದು ಎರಡು ಕಾಯಿಲೆಗಳಿದ್ದವು. ಹೆಂಗಸರ ಅನುಭವದಲ್ಲಿ ಇವೆರಡನ್ನು ಬೇರ್ಪಡಿಸುವುದು ಕಷ್ಟವೆಂದು ಎರಡನ್ನೂ ಸೇರಿಸಿದರು. ಆರು ಲಕ್ಷಣಗಳಲ್ಲಿ ಕನಿಷ್ಠ ಮೂರು ಇರಬೇಕು: ಆಸಕ್ತಿ ಇಲ್ಲದಿರುವುದು, ಆ ಕಡೆಗೆ ಯೋಚನೆ ಹೋಗದಿರುವುದು, ತಾನಾಗಿ ಮುಂದಾಗದೆ ಸಂಗಾತಿಯ ಮುಂದುವರಿಕೆಗೂ ಒಲಿಯದಿರುವುದು, ಕೂಡಿದಾಗ ಸುಖವಿಲ್ಲದಿರುವುದು, ಯಾವ ಪ್ರಚೋದನೆಗೂ ಮನಸ್ಸು ಸ್ಪಂದಿಸದಿರುವುದು, ಮೈಯಲ್ಲಿ ಸಂವೇದನೆ ಕಡಿಮೆಯಾಗಿರುವುದು. ಸುಮಾರು 6 ತಿಂಗಳು ಹೀಗೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದರಿಂದ ಆಕೆಗೇ ಸಂಕಟವಾಗುತ್ತಿರಬೇಕು. ಗಂಡನಿಗೆ ಹೆಚ್ಚು ಬೇಕು, ಹೆಂಡತಿಗೆ ಕಡಿಮೆ ಸಾಕು ಎಂಬ ವ್ಯತ್ಯಾಸವೊಂದೇ ಇದ್ದರೆ ಅದು ಕಾಯಿಲೆಯಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಈ ರೋಗನಿರ್ಣಯವನ್ನೇ ಮಾಡಕೂಡದು. ಮೊದಲಿಂದಲೂ ನನಗೆ ಇದರ ಬಯಕೆಯೇ ಇಲ್ಲ, ನಾನಿರುವುದೇ ಹೀಗೆ, ನೆಮ್ಮದಿಯಾಗಿದ್ದೇನೆ ಎನ್ನುವವರಿಗೂ ಅನ್ವಯಿಸದು. ಪರೀಕ್ಷೆಯಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದು ಮುಗಿಸಬಹುದು. ಕೆಲಸಕ್ಕೆ ಇಳಿದಾಗ ಅರ್ಧ ಕೇಸುಗಳು ಇಲ್ಲೇ ದಾರಿ ಬದಲಿಸುತ್ತವೆ.

ದೇಹದ ಕಾರಣಗಳನ್ನು ವೈದ್ಯರು ನೋಡಲಿ, ಕಳಿಸುವ ಜವಾಬ್ದಾರಿ ಮಾತ್ರ ನಮ್ಮದು. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು), ಸಕ್ಕರೆ ಕಾಯಿಲೆ, ಮುಟ್ಟು ನಿಂತ ಮೇಲಿನ ಒಣಗುವಿಕೆ, ಮಗುವಿಗೆ ಹಾಲೂಡಿಸುವ ತಿಂಗಳುಗಳು, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು. ಕೂಡುವಾಗ ನೋವಿದ್ದರೆ ನೋವಿನ ಚಿಕಿತ್ಸೆಯೇ ಮೊದಲು. ನೋಯುವ ಕೆಲಸದ ಬಗ್ಗೆ ಆಸೆ ಹುಟ್ಟದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಈಗ ಸಿದ್ಧಾಂತ. 1966ರಲ್ಲಿ ಅಮೆರಿಕದ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ಲೈಂಗಿಕ ಪ್ರತಿಕ್ರಿಯೆಯನ್ನು ನಾಲ್ಕು ಹಂತಗಳಾಗಿ ಬಿಡಿಸಿದರು. ಅದರಲ್ಲಿ ಆಸೆ ಎಂಬ ಹಂತವೇ ಇರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಲೈಂಗಿಕ ಚಿಕಿತ್ಸಕಿ ಹೆಲೆನ್ ಸಿಂಗರ್ ಕಪ್ಲಾನ್ ಅದನ್ನು ಮೊದಲ ಮೆಟ್ಟಿಲಾಗಿ ಸೇರಿಸಿದರು: ಮೊದಲು ಆಸೆ, ಆಮೇಲೆ ಉದ್ರೇಕ. ಕೆನಡಾದ ವೈದ್ಯೆ ರೋಸ್ಮೆರಿ ಬ್ಯಾಸನ್ 2000ದಲ್ಲಿ ಈ ಸಾಲನ್ನು ವೃತ್ತವಾಗಿ ತಿರುಗಿಸಿದರು. ಹಲವು ಹೆಂಗಸರು, ಅದರಲ್ಲೂ ಸಂಬಂಧ ಹಳತಾದವರು, ಆಸೆಯಿಂದ ಶುರುಮಾಡುವುದಿಲ್ಲ. ಹತ್ತಿರವಾಗಬೇಕು ಅನ್ನಿಸುತ್ತದೆ, ಒಪ್ಪಿ ತೊಡಗುತ್ತಾರೆ, ಸ್ಪರ್ಶ ಹಿತವಾದರೆ ಮೈ ಸ್ಪಂದಿಸುತ್ತದೆ, ಆಗ ಆಸೆ ಹಿಂದಿನಿಂದ ಬರುತ್ತದೆ. ಈ ಒಂದು ಚಿತ್ರವನ್ನು ಹಾಳೆಯ ಮೇಲೆ ಬರೆದು ತೋರಿಸಿದರೇ ಕೆಲವರ ಮುಖದ ಬಿಗುವು ಸಡಿಲವಾಗುತ್ತದೆ. ಆದರೆ "ಒಪ್ಪಿ ತೊಡಗುವುದು" ಎಂಬಲ್ಲಿ ಒಪ್ಪಿಗೆ ನಿಜವಾಗಿರಬೇಕು. ಶುರುಮಾಡಿದರೆ ತಾನಾಗೇ ಬರುತ್ತೆ ಅಂತ ಗಂಡ ಈ ಸಿದ್ಧಾಂತವನ್ನು ಹಿಡಿದುಕೊಂಡರೆ ನಮ್ಮ ಪಾಠ ಆಕೆಗೇ ಮುಳ್ಳಾಗುತ್ತದೆ.

ಹಾಗಾದರೆ ಸ್ಪರ್ಶವಿದ್ದೂ ಆಸೆ ಯಾಕೆ ಬರುವುದಿಲ್ಲ? ಗಮನ ಅಲ್ಲಿಲ್ಲದ ಕಾರಣ. ದೇಹ ಇಲ್ಲಿ, ತಲೆ ನಾಳೆಯ ತಿಂಡಿಗೆ ನೆನೆಹಾಕಿದ ಅಕ್ಕಿಯಲ್ಲಿ, ಮಗಳ ಫೀಸಿನಲ್ಲಿ, ಅತ್ತೆ ಕೋಣೆಯ ಕೆಮ್ಮಿನಲ್ಲಿ. ಇನ್ನೊಂದು ಬಗೆ ಇದಕ್ಕಿಂತ ಸೂಕ್ಷ್ಮವಾದದ್ದು. ಆಕೆ ತನ್ನನ್ನೇ ಹೊರಗೆ ನಿಂತು ನೋಡುತ್ತಿರುತ್ತಾಳೆ: ಹೊಟ್ಟೆ ಕಾಣುತ್ತಿದೆಯಾ, ಇವತ್ತೂ ಏನೂ ಆಗುತ್ತಿಲ್ಲವಲ್ಲ, ಬೇಗ ಮುಗಿದರೆ ಸಾಕು. ಹೀಗೆ ತನ್ನ ಕ್ರಿಯೆಗೆ ತಾನೇ ಪ್ರೇಕ್ಷಕಿಯಾಗುವುದನ್ನು ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲೇ ಗುರುತಿಸಿದ್ದರು. ಜೊತೆಗೆ ಕೆನಡಾದ ಸಂಶೋಧಕಿ ಮೆರೆಡಿತ್ ಚೈವರ್ಸ್ ಮತ್ತು ಸಂಗಡಿಗರ 2010ರ ವಿಶ್ಲೇಷಣೆಯನ್ನು ಸೇರಿಸಿ ಓದಿ. ಜನನಾಂಗದ ಪ್ರತಿಕ್ರಿಯೆಗೂ, ನನಗೆ ಉದ್ರೇಕವಾಗಿದೆ ಎಂದು ಅನ್ನಿಸುವುದಕ್ಕೂ ಇರುವ ಸಹಸಂಬಂಧ ಗಂಡಸರಲ್ಲಿ 0.66, ಹೆಂಗಸರಲ್ಲಿ 0.26 (1 ಇದ್ದರೆ ಪೂರ್ತಿ ಹೊಂದಿಕೆ, 0 ಇದ್ದರೆ ಹೊಂದಿಕೆಯೇ ಇಲ್ಲ). ಅಂದರೆ ದೇಹ ಸ್ಪಂದಿಸುತ್ತಿದ್ದರೂ ಆ ಸುದ್ದಿ ಮನಸ್ಸಿಗೆ ಮುಟ್ಟದಿರಬಹುದು. ಹಾಗೆಯೇ, ದೇಹ ಸ್ಪಂದಿಸಿತು ಎಂದ ಮಾತ್ರಕ್ಕೆ ಆಕೆಗೆ ಬೇಕಿತ್ತು ಎಂದು ಯಾರೂ ಹೇಳುವಂತಿಲ್ಲ. ಎರಡನ್ನೂ ಒಟ್ಟಿಗೆ ನೆನಪಿಡಿ.

ಮೈಂಡ್‌ಫುಲ್‌ನೆಸ್ ಚಿಕಿತ್ಸೆ ಕೈಹಾಕುವುದು ಈ ಮುಟ್ಟದ ಸುದ್ದಿಯಲ್ಲಿ. ಈ ಧ್ಯಾನದ ಅಭ್ಯಾಸವನ್ನು ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಸ್ಪತ್ರೆಯೊಂದರಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗೆ ಬಳಸಿದ್ದರು. ಅದನ್ನು ಲೈಂಗಿಕ ತೊಂದರೆಗೆ ಹೊಂದಿಸಿದವರಲ್ಲಿ ಮುಖ್ಯರು ವ್ಯಾಂಕೂವರ್‌ನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲೋರಿ ಬ್ರೊಟ್ಟೊ. ಅವರು ಮೊದಲು ಇದನ್ನು ಪ್ರಯೋಗಿಸಿದ್ದು ಗರ್ಭಕೋಶ, ಗರ್ಭಕೊರಳಿನ ಕ್ಯಾನ್ಸರ್‌ನಿಂದ ಪಾರಾಗಿ, ಮೈಯೇ ಮರಗಟ್ಟಿದೆ ಎನ್ನುತ್ತಿದ್ದ ಹೆಂಗಸರ ಮೇಲೆ.

ಮೊದಲ ಅಭ್ಯಾಸದಲ್ಲಿ ಲೈಂಗಿಕತೆಯ ಸುಳಿವೇ ಇಲ್ಲ. ಪಠ್ಯದಲ್ಲಿ ಅದು ಒಂದು ಒಣದ್ರಾಕ್ಷಿಯನ್ನು ನಿಧಾನವಾಗಿ ನೋಡಿ, ಮುಟ್ಟಿ, ತಿನ್ನುವುದು. ನಮ್ಮ ಗುಂಪಿನಲ್ಲಿ ಸುಗ್ಗಿಯ ಹೊತ್ತಾದ್ದರಿಂದ ಹಣ್ಣಾದ ಅರೇಬಿಕಾ ಕಾಫಿ ಕಾಯಿ ತಂದೆವು. (ಚೆನ್ನಾಗಿ ತೊಳೆದು ಕೊಡಿ, ಔಷಧಿ ಹೊಡೆದಿರುತ್ತಾರೆ.) ಅಂಗೈಯಲ್ಲಿಟ್ಟು ತೂಕ ನೋಡುವುದು, ತೊಟ್ಟಿನ ಗುರುತು, ಕೆಂಪಿನೊಳಗೆ ಎಲ್ಲೋ ಉಳಿದ ಹಸಿರು, ಒತ್ತಿದಾಗ ಸಿಪ್ಪೆ ಬಿರಿದು ಬೀಜ ಜಾರುವುದು, ನಾಲಿಗೆಗೆ ಲೋಳೆಯ ತೆಳುಸಿಹಿ. ನಮ್ಮಲ್ಲಿ ತೋಟದ ಮನೆಯಿಂದ ಬಂದ ಒಬ್ಬಳಿಗೆ ಕೈಗೆ ಕೊಟ್ಟ ಕೂಡಲೇ ಈ ವರ್ಷದ ರೇಟು ತಲೆಗೆ ಬಂತು. ಕಾಫಿ ಕುಯ್ಯಲು ಹೋಗುತ್ತಿದ್ದವಳ ಮಗಳಿಗೆ ಕಿಲೋ ಲೆಕ್ಕದ ಕೂಲಿ. ಆ ರೇಟು, ಆ ಕೂಲಿ ಬಂದದ್ದು ತಪ್ಪೇನಲ್ಲ. ಬಂತು ಎಂದು ಗಮನಿಸಿ, ಬೈದುಕೊಳ್ಳದೆ ನಾಲಿಗೆಯ ಸಿಹಿಗೆ ವಾಪಸಾಗುವುದೇ ಅಭ್ಯಾಸ. ಎಷ್ಟು ಸಲ ಮನಸ್ಸು ಹೋಯಿತೋ ಅಷ್ಟು ಸಲ ವಾಪಸು. ಮನಸ್ಸು ಖಾಲಿ ಮಾಡಿ ಎಂದು ಹೇಳುವವರು ಇದನ್ನು ತಪ್ಪಾಗಿ ಕಲಿಸುತ್ತಿದ್ದಾರೆ.

ಮುಂದೆ ಮಲಗಿ ಪಾದದಿಂದ ತಲೆಯವರೆಗೆ ಗಮನ ಹರಿಸುವುದು, ಉಸಿರು, ಬರುವ ಯೋಚನೆಯನ್ನು ಬರೀ ಯೋಚನೆಯೆಂದು ನೋಡುವುದು. "ನಾನು ಕೆಟ್ಟುಹೋದವಳು" ಎನ್ನುವುದೂ ಒಂದು ಯೋಚನೆಯೇ, ವರದಿಯಲ್ಲ. ಅದಾದ ಮೇಲೆ ಸ್ನಾನದಲ್ಲಿ, ಕನ್ನಡಿಯ ಮುಂದೆ ತನ್ನ ಮೈಯನ್ನು ತೀರ್ಪಿಲ್ಲದೆ ನೋಡುವುದು. ಸಂಗಾತಿಯೊಂದಿಗಿನ ಸ್ಪರ್ಶದ ಅಭ್ಯಾಸ ಬರುವುದು ಕೊನೆಗೆ, ಅದೂ ಕೂಡುವ ಗುರಿಯಿಲ್ಲದೆ. ಈ ಅನುಕ್ರಮವನ್ನು ಅವಸರಕ್ಕೆ ಕತ್ತರಿಸಬೇಡಿ.

ಪುರಾವೆ ಎಷ್ಟು ಗಟ್ಟಿ? 2014ರಲ್ಲಿ ಬ್ರೊಟ್ಟೊ ಮತ್ತು ಬ್ಯಾಸನ್ 117 ಹೆಂಗಸರಿಗೆ ನಾಲ್ಕು ಗುಂಪು ಭೇಟಿಗಳಲ್ಲಿ ಇದನ್ನು ಕೊಟ್ಟು, ಸರದಿಗೆ ಕಾದಿದ್ದವರೊಂದಿಗೆ ಹೋಲಿಸಿದರು. ಆಸಕ್ತಿ ಗಣನೀಯವಾಗಿ ಹೆಚ್ಚಿತು. ಕಾಯುವವರೊಂದಿಗಿನ ಹೋಲಿಕೆ ಸುಲಭದ ಪರೀಕ್ಷೆ. 2021ರಲ್ಲಿ ಪ್ರಕಟವಾದ ಅಧ್ಯಯನ ಕಠಿಣವಾದದ್ದು: 148 ಹೆಂಗಸರು, ಎಂಟು ವಾರ, ಒಂದು ಗುಂಪಿಗೆ ಮೈಂಡ್‌ಫುಲ್‌ನೆಸ್, ಇನ್ನೊಂದಕ್ಕೆ ಲೈಂಗಿಕ ಶಿಕ್ಷಣ ಮತ್ತು ಆಸರೆಯ ಮಾತು. ಆಸಕ್ತಿ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿತು. ಇದನ್ನು ಓದಿ ಧ್ಯಾನಕ್ಕೇನು ವಿಶೇಷವಿಲ್ಲ ಎಂದು ಮೂಗು ಮುರಿಯಬಹುದು. ನನಗೆ ಕಾಣುವುದು ಬೇರೆ: ಸರಿಯಾದ ಮಾಹಿತಿ, ಇದೇ ತೊಂದರೆಯ ಇತರರೊಂದಿಗೆ ಕೂತು ಮಾತಾಡುವುದು ಸಹ ಸಣ್ಣ ಚಿಕಿತ್ಸೆಯಲ್ಲ. ಧ್ಯಾನ ಹೇಳಿಕೊಡಲು ತರಬೇತಿ ಇಲ್ಲದ ನಮ್ಮಂಥವರಿಗೆ ಇದು ಒಳ್ಳೆಯ ಸುದ್ದಿ. ಆಸೆ ಹೆಚ್ಚಿಸಲು ಕೊಡುವ ಮಾತ್ರೆಯ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ 2015ರಲ್ಲಿ ಫ್ಲಿಬಾನ್ಸೆರಿನ್‌ಗೆ ಒಪ್ಪಿಗೆ ಸಿಕ್ಕಿತು, ಮುಟ್ಟು ನಿಲ್ಲದ ಹೆಂಗಸರಿಗೆ, ಮದ್ಯದ ಜೊತೆ ಅಪಾಯವೆಂಬ ಎಚ್ಚರಿಕೆಯೊಂದಿಗೆ. ಲಾಭ ಅಲ್ಪ.

ನಮ್ಮ ಕಡೆಯ ದೊಡ್ಡ ತೊಡಕು ಜಾಗದ್ದು. ದಿನವೂ ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಮಲಗಿ ಎಂದು ಎಸ್ಟೇಟಿನ ಕೂಲಿಯವರ ಸಾಲುಮನೆ, ಅಂದರೆ ಲೈನ್ ಮನೆಯವಳಿಗೆ ಹೇಳಿದರೆ ನಗುತ್ತಾಳೆ. ಕೂಡು ಕುಟುಂಬದಲ್ಲಿ "ಏನಾಯ್ತು ಇವಳಿಗೆ" ಎಂಬ ಪ್ರಶ್ನೆ ಏಳುತ್ತದೆ. ಹಾಗಾಗಿ ಬಚ್ಚಲಮನೆಯಿಂದ ಶುರುಮಾಡಿಸುವುದು ವಾಸಿ. ಒಳಗಿಂದ ಚಿಲಕ ಇರುವ ಒಂದೇ ಕೋಣೆ ಅದು. ಹಂಡೆಯ ಬಿಸಿನೀರು ಹೆಗಲಿಗೆ ಬಿದ್ದಾಗ ಎಲ್ಲಿ ಬಿಸಿ, ಎಲ್ಲಿ ಹಿತ, ಯೋಚನೆ ಎಲ್ಲಿಗೆ ಓಡಿತು, ಇಷ್ಟನ್ನು ಗಮನಿಸಿ ಬಂದರೆ ಸಾಕು. ಮುಂದಿನ ಭೇಟಿಯಲ್ಲಿ ಆಸೆ ಬಂತಾ ಎಂದು ಕೇಳಬೇಡಿ. ನೀರು ಹೇಗಿತ್ತು ಎಂದು ಕೇಳಿ, ಅಭ್ಯಾಸದ ಹಾಳೆಯಲ್ಲಿ ಅವರ ಮಾತಿನಲ್ಲೇ ಬರೆದುಕೊಳ್ಳಿ.