ಡೊಮೇನ್ ಹೆಸರು: ಮೊದಲು ಕೇಳಿದವರಿಗೆ ಕೊಡುವುದು, ಆಮೇಲೆ ಹಂಚಿಕೊಳ್ಳುವುದು

ಡೊಮೇನ್ ಹೆಸರು ಯಾರ ಸ್ವತ್ತೂ ಅಲ್ಲ, ಅದು ಗುತ್ತಿಗೆ. ಡಾಟ್ ಕಾಮ್, ಡಾಟ್ ಆರ್ಗ್‌ಗಳಲ್ಲಿ ಗುತ್ತಿಗೆಯ ಅವಧಿ ಹೆಚ್ಚೆಂದರೆ 10 ವರ್ಷ. ಹೆಸರುಗಳ ಮೂಲಪಟ್ಟಿ ರಿಜಿಸ್ಟ್ರಿಯ ಬಳಿ ಇರುತ್ತದೆ (ಡಾಟ್ ಕಾಮ್‌ಗೆ ವೆರಿಸೈನ್). ನಮಗೆ ಮಾರುವವರು ರಿಜಿಸ್ಟ್ರಾರ್‌ಗಳು, ನಿಯಮ ಹಾಕುವುದು 1998ರಲ್ಲಿ ಶುರುವಾದ ಐಕ್ಯಾನ್ ಎಂಬ ಸಂಸ್ಥೆ. ಹೆಸರು ಯಾಕೆ ಬೇಕು ಎಂದು ಯಾರೂ ಕೇಳುವುದಿಲ್ಲ, ಮೊದಲು ಬಂದವರಿಗೆ ಸಿಗುತ್ತದೆ.

ಹೀಗಾಗಿ ಬಳಸದೆ ಹಿಡಿದಿಟ್ಟುಕೊಳ್ಳುವವರು ಹುಟ್ಟಿಕೊಂಡರು. 5 ದಿನದೊಳಗೆ ರದ್ದು ಮಾಡಿದರೆ ಶುಲ್ಕ ವಾಪಸ್ ಎಂಬ ನಿಯಮವಿತ್ತು. ಅದನ್ನು ಬಳಸಿಕೊಂಡು ರಾಶಿರಾಶಿ ಹೆಸರು ಹಿಡಿದು, ಜಾಹೀರಾತಿನಿಂದ ದುಡ್ಡು ಬಾರದವನ್ನು ಬಿಟ್ಟುಬಿಡುತ್ತಿದ್ದರು. ಮಿತಿ ಮೀರಿದ ರದ್ದತಿಗೆ ಶುಲ್ಕ ವಾಪಸಿಲ್ಲ ಎಂದು ಐಕ್ಯಾನ್ ಬಿಗಿ ಮಾಡಿದ ಮೇಲೆ, 2009ರ ಹೊತ್ತಿಗೆ ಆ ದಂಧೆ ಬಹುಪಾಲು ನಿಂತಿತು. ಹಂಚಿಕೆಯನ್ನು ಸರಿಪಡಿಸಲು ಶುಲ್ಕದ ನಿಯಮವೇ ಒಳ್ಳೆಯ ಸಾಧನ ಎಂದು ನಾನು ನಂಬಲು ಇದೇ ಕಾರಣ. ಹೆಸರಿನ ವಿವಾದ ಬಗೆಹರಿಸಲು ಐಕ್ಯಾನ್ 1999ರಲ್ಲಿ ತಂದ ಯುಡಿಆರ್‌ಪಿ ಪ್ರಕ್ರಿಯೆ ಟ್ರೇಡ್‌ಮಾರ್ಕ್ ಇದ್ದವರಿಗೆ ಮಾತ್ರ ಆಸರೆ. ಒಂದೇ ಹೆಸರು ನ್ಯಾಯವಾಗಿ ಇಬ್ಬರಿಗೆ ಬೇಕಾದರೆ ಅದರಲ್ಲಿ ದಾರಿಯಿಲ್ಲ.

ದಾರಿ ಇರುವುದು ಹೆಸರಿನ ಕೆಳಗೆ: ಒಂದೇ ಹೆಸರಿನಡಿ ಉಪಹೆಸರುಗಳನ್ನು ಮಾಡಿ ಬೇರೆ ಬೇರೆಯವರಿಗೆ ಬಿಟ್ಟುಕೊಡಬಹುದು. ಎಲ್ಲ ಹೆಸರುಗಳನ್ನೂ ಒಂದೇ ಕಡತದಲ್ಲಿಡುವ ಕಷ್ಟ ತಪ್ಪಿಸಲೆಂದೇ 1983ರಲ್ಲಿ ಡಿಎನ್‌ಎಸ್ (ಹೆಸರು ಕೊಟ್ಟರೆ ಆ ಯಂತ್ರದ ಐಪಿ ವಿಳಾಸ, ಅಂದರೆ ಅಂಕಿಗಳ ವಿಳಾಸ, ಹುಡುಕಿಕೊಡುವ ವ್ಯವಸ್ಥೆ) ಬಂದದ್ದು. ಅವರವರ ಭಾಗ ಅವರವರೇ ನೋಡಿಕೊಳ್ಳಲಿ ಎಂಬುದೇ ಅದರ ತಳಹದಿ.

ಹೀಗೆ ಬಿಟ್ಟುಕೊಡುವಾಗ ತೊಡಕಾಗುವುದು ಗ್ಲೂ ರೆಕಾರ್ಡ್ ಎಂಬ ನಮೂದಿನಲ್ಲಿ, ಅದನ್ನು ನಿಧಾನವಾಗಿ ನೋಡೋಣ. ಎಕ್ಸಾಂಪಲ್.ಆರ್ಗ್ ನಮ್ಮದು, ಗ್ರಂಥಾಲಯ.ಎಕ್ಸಾಂಪಲ್.ಆರ್ಗ್ ಅನ್ನು ಇನ್ನೊಂದು ಗುಂಪಿಗೆ ಬಿಟ್ಟುಕೊಡಬೇಕು. ನಮ್ಮ ಜೋನ್‌ನಲ್ಲಿ (ನಮ್ಮ ಭಾಗದ ಹೆಸರುಗಳ ಪಟ್ಟಿಯಲ್ಲಿ) ಎನ್‌ಎಸ್ ರೆಕಾರ್ಡ್ (ಆ ಭಾಗಕ್ಕೆ ಉತ್ತರ ಕೊಡುವ ನೇಮ್‌ಸರ್ವರ್ ಯಾವುದೆಂಬ ನಮೂದು) ಹಾಕಿ, ಅವರ ನೇಮ್‌ಸರ್ವರ್ ಎನ್‌ಎಸ್1.ಗ್ರಂಥಾಲಯ.ಎಕ್ಸಾಂಪಲ್.ಆರ್ಗ್ ಎಂದು ಬರೆಯುತ್ತೇವೆ. ರಿಸಾಲ್ವರ್ (ಬಳಕೆದಾರರ ಪರವಾಗಿ ವಿಳಾಸ ಹುಡುಕುವ ಸರ್ವರ್) ಬಂದು ಕೇಳಿದಾಗ ಈ ಹೆಸರು ಕೊಡುತ್ತೇವೆ. ಈಗ ಅದಕ್ಕೆ ಎನ್‌ಎಸ್1ರ ಐಪಿ ವಿಳಾಸ ಬೇಕು. ವಿಳಾಸ ಗೊತ್ತಿರುವುದು ಗ್ರಂಥಾಲಯದ ನೇಮ್‌ಸರ್ವರ್‌ಗೆ, ಅಂದರೆ ಎನ್‌ಎಸ್1ಕ್ಕೇ! ಅದನ್ನು ಹುಡುಕಲು ಅದನ್ನೇ ಕೇಳಬೇಕು. ಈ ಸುತ್ತು ಕಡಿಯಲು ಎನ್‌ಎಸ್1ರ ಎ ರೆಕಾರ್ಡ್ ಅನ್ನೂ (ಅದರ ಐಪಿ ವಿಳಾಸದ ನಮೂದು, ಉದಾಹರಣೆಗೆ 192.0.2.53) ನಮ್ಮ ಜೋನ್‌ನಲ್ಲೇ ಇಡುತ್ತೇವೆ. ಅದೇ ಗ್ಲೂ. ನೇಮ್‌ಸರ್ವರ್‌ನ ಹೆಸರು ಬಿಟ್ಟುಕೊಟ್ಟ ಭಾಗದ ಒಳಗೇ ಇದ್ದರೆ ಗ್ಲೂ ಇಲ್ಲದೆ ನಡೆಯದು, ಡಿಎನ್‌ಎಸ್.ಎಕ್ಸಾಂಪಲ್.ನೆಟ್‌ನಂತೆ ಬೇರೆ ಡೊಮೇನ್‌ನಲ್ಲಿದ್ದರೆ ಬೇಕಿಲ್ಲ.

ಐಪಿ ಬದಲಾದಾಗ ಅವರ ಜೋನ್, ನಮ್ಮ ಜೋನ್ ಎರಡರಲ್ಲೂ ಬದಲಿಸಿ. ಒಂದು ಕಡೆ ಮರೆತರೆ ಕ್ಯಾಶ್‌ನಲ್ಲಿ (ರಿಸಾಲ್ವರ್ ನೆನಪಿಟ್ಟುಕೊಂಡ ಉತ್ತರಗಳಲ್ಲಿ) ಸರಿಯಾದ ವಿಳಾಸವಿದ್ದವರಿಗೆ ಸೈಟ್ ತೆರೆಯುತ್ತದೆ, ಉಳಿದವರಿಗೆ ಇಲ್ಲ. ಹಳೆಯ ಟಿಟಿಎಲ್ (ಉತ್ತರವನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುವ ಅವಧಿ) 86400 ಸೆಕೆಂಡ್ ಇದ್ದರೆ ಐಪಿ ಬದಲಿಸುವ ಒಂದು ದಿನ ಮುಂಚೆಯೇ 300 ಸೆಕೆಂಡಿಗೆ ಇಳಿಸಿಡಿ. ಪರೀಕ್ಷಿಸಲು ಡಿಎನ್‌ಎಸ್‌ಗೆ ಪ್ರಶ್ನೆ ಕೇಳುವ ಡಿಗ್ ಕಮಾಂಡ್‌ನಿಂದ ನಮ್ಮ ನೇಮ್‌ಸರ್ವರ್ ಅನ್ನೇ ನೇರವಾಗಿ ಕೇಳಿ. ಉತ್ತರದ ಅಡಿಷನಲ್ ವಿಭಾಗದಲ್ಲಿ ಗ್ಲೂ ಕಾಣಬೇಕು.

ಆ ಗುಂಪು ಸರ್ವರ್ ಮುಚ್ಚಿದರೆ ಎನ್‌ಎಸ್ ರೆಕಾರ್ಡ್ ಅನ್ನು ಅಂದೇ ತೆಗೆಯಿರಿ. ಖಾಲಿಯಾದ ಐಪಿ ಬೇರೆಯವರ ಕೈಗೆ ಹೋದರೆ ನಮ್ಮ ಹೆಸರಿನಲ್ಲಿ ಅವರು ಉತ್ತರ ಕೊಡಬಹುದು.